ಗರ್ಭಕೋಶ ಜಾರಿದಾಗ ಜೈವಿಕ ಮೆಶ್ ಹಾಕಿಸಬೇಕಾ? ಆಪರೇಷನ್‌ಗೆ ಒಪ್ಪುವ ಮುನ್ನ ಮತ್ತು ಆಮೇಲೆ

ಸ್ನಾನ ಮಾಡುವಾಗ ಕೈಗೆ ಮೆತ್ತನೆಯ ಗಂಟಿನಂಥದ್ದು ತಾಗುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ, ಸಂಜೆ ಹೊತ್ತಿಗೆ ಮತ್ತೆ ಇಳಿಯುತ್ತದೆ. ಎಷ್ಟೋ ಹೆಂಗಸರು ಇದನ್ನು ಮನೆಯಲ್ಲಿ ಯಾರಿಗೂ ಹೇಳದೆ ವರ್ಷಗಟ್ಟಲೆ ಸಹಿಸುತ್ತಾರೆ. ಕೊನೆಗೆ ಧೈರ್ಯ ಮಾಡಿ ಆಸ್ಪತ್ರೆಗೆ ಹೋದರೆ ಐದೇ ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತದೆ: "ಗರ್ಭಕೋಶ ಜಾರಿದೆ, ಆಪರೇಷನ್ ಮಾಡಬೇಕು. ಮೆಶ್ ಹಾಕ್ತೀವಿ. ಪ್ಲಾಸ್ಟಿಕ್ ಅಲ್ಲ, ಜೈವಿಕ ಮೆಶ್, ಏನೂ ತೊಂದರೆ ಇಲ್ಲ."

ಮೆಶ್ ಅಂದರೆ ಸಡಿಲವಾದ ಭಾಗಕ್ಕೆ ಆಧಾರವಾಗಿ ಒಳಗೆ ಹೊಲಿಯುವ ಬಲೆ ಅಥವಾ ಹಾಳೆ. ಈ ಮಾತು ಕೇಳಿಸಿಕೊಂಡು ಮನೆಗೆ ಬಂದವರಿಗಾಗಿ, ಅವರ ಜೊತೆ ಹೋದ ಮಗಳು, ಸೊಸೆ, ಗಂಡನಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 'ಜೈವಿಕ' ಅಂದ ಮಾತ್ರಕ್ಕೆ ಅದು ಉತ್ತಮ ಅಂತ ಅಲ್ಲ. ಮೊದಲ ಸಲ ಆಪರೇಷನ್ ಮಾಡಿಸಿಕೊಳ್ಳುವ ಹೆಚ್ಚಿನವರಿಗೆ ಅದರ ಅಗತ್ಯವೇ ಇರುವುದಿಲ್ಲ. ಕೆಲವರಿಗೆ ಮಾತ್ರ ಅದನ್ನು ಯೋಚಿಸಲು ಕಾರಣ ಇರುತ್ತದೆ. ನೀವು ಯಾವ ಗುಂಪು ಅಂತ ತಿಳಿದುಕೊಂಡ ಮೇಲೆಯೇ ಸಹಿ ಹಾಕಿ.

ಮೊದಲು: ಜಾರಿರುವುದು ಏನು?

ಎಲ್ಲದಕ್ಕೂ 'ಗರ್ಭಕೋಶ ಜಾರಿದೆ' ಅಂತಲೇ ಹೇಳುತ್ತೇವೆ. ಆದರೆ ಇಳಿದಿರುವುದು ಬೇರೆಯೇ ಇರಬಹುದು. ಯೋನಿಯ ಮುಂಗೋಡೆ ಸಡಿಲವಾದರೆ ಅದರ ಮುಂದಿರುವ ಮೂತ್ರಕೋಶ ಉಬ್ಬಿಕೊಂಡು ಕೆಳಗೆ ಬರುತ್ತದೆ. ಹಿಂಗೋಡೆ ಸಡಿಲವಾದರೆ ಗುದನಾಳ ಮುಂದಕ್ಕೆ ಉಬ್ಬುತ್ತದೆ. ಮೇಲಿನ ಆಧಾರ ಹೋದರೆ ಗರ್ಭಕೋಶವೇ ಇಳಿಯುತ್ತದೆ. ಗರ್ಭಕೋಶ ಈಗಾಗಲೇ ತೆಗೆಸಿದ್ದರೆ ಯೋನಿಯ ಮೇಲ್ತುದಿ ಒಳಚೀಲ ತಿರುವಿದ ಹಾಗೆ ಹೊರಗೆ ಬರುತ್ತದೆ. ಎರಡು ಮೂರು ಕಡೆ ಒಟ್ಟಿಗೇ ಸಡಿಲ ಆಗಿರುವುದೂ ಮಾಮೂಲು.

ಲಕ್ಷಣಗಳೂ ಸುಳಿವು ಕೊಡುತ್ತವೆ. ಮೂತ್ರ ಪೂರ್ತಿ ಆಗಿಲ್ಲ ಅನ್ನಿಸುವುದು, ಮತ್ತೆ ಮತ್ತೆ ಉರಿಮೂತ್ರ ಬರುವುದು, ಗಂಟನ್ನು ಬೆರಳಿನಿಂದ ಒಳಗೆ ತಳ್ಳಿದರೆ ಮಾತ್ರ ಮೂತ್ರ ಆಗುವುದು ಮುಂಗೋಡೆಯ ಕಡೆಗೆ ಬೊಟ್ಟು ಮಾಡುತ್ತವೆ. ಯೋನಿಯ ಒಳಗಿಂದ ಹಿಂದಕ್ಕೆ ಬೆರಳಿನಿಂದ ಒತ್ತಿಕೊಂಡರೆ ಮಾತ್ರ ಮಲ ಇಳಿಯುತ್ತದೆ ಅಂದರೆ ಹಿಂಗೋಡೆ. ಈ ಬೆರಳಿನ ವಿಷಯ ಯಾರೂ ತಾವಾಗಿ ಹೇಳುವುದಿಲ್ಲ, ಸಂಕೋಚ. ದಯವಿಟ್ಟು ಹೇಳಿ. ಯಾವ ಕಡೆ ರಿಪೇರಿ ಮಾಡಬೇಕು ಎಂಬುದಕ್ಕೆ ಅದು ಮುಖ್ಯವಾದ ಮಾಹಿತಿ.

ಡಾಕ್ಟರು ನಿಮ್ಮನ್ನು ಮಲಗಿಸಿ, ಜೋರಾಗಿ ಕೆಮ್ಮಿಸಿ, ಮುಕ್ಕಲು ಹೇಳಿ ನೋಡಬೇಕು. ಮಲಗಿದಾಗ ಸರಿಯಾಗಿ ಕಾಣದಿದ್ದರೆ ನಿಲ್ಲಿಸಿಯೂ ನೋಡುತ್ತಾರೆ. ಯೋನಿಯ ಬಾಯಿಗೆ ಹೋಲಿಸಿ ಎಷ್ಟು ಇಳಿದಿದೆ ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು 0ಯಿಂದ 4ರವರೆಗೆ ಹಂತ ಕೊಡುತ್ತಾರೆ. ಬಾಯಿಯ ಹತ್ತಿರ, ಅಂದರೆ ಒಂದು ಸೆಂಟಿಮೀಟರ್ ಒಳಗೆ ಅಥವಾ ಹೊರಗೆ ಇದ್ದರೆ ಅದು 2ನೇ ಹಂತ. ಪೂರ್ತಿ ಹೊರಗೆ ಬಂದಿದ್ದರೆ 4. 'ಯಾವ ಗೋಡೆ, ಎಷ್ಟನೇ ಹಂತ' ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ಕ್ಯಾನಿಂಗ್ ರಿಪೋರ್ಟ್ ಒಂದನ್ನೇ ನೋಡಿ ಆಪರೇಷನ್ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕಾಣಿ.

ಆಪರೇಷನ್ ಬೇಕೇ ಬೇಕಾ?

ಇದು ಕ್ಯಾನ್ಸರ್ ಅಲ್ಲ. ತೊಂದರೆ ಕಡಿಮೆ ಇದ್ದರೆ ಸುಮ್ನೆ ಗಮನಿಸುತ್ತಾ ಇರಬಹುದು. ಆದರೆ ಮೂತ್ರ ಕಟ್ಟಿಕೊಳ್ಳುತ್ತಿದ್ದರೆ, ಸ್ಕ್ಯಾನ್‌ನಲ್ಲಿ ಕಿಡ್ನಿ ಊದಿಕೊಂಡಿದ್ದರೆ, ಹೊರಗೆ ಬಂದ ಭಾಗ ಉಜ್ಜಿ ಹುಣ್ಣಾಗಿದ್ದರೆ ತಡ ಮಾಡಬೇಡಿ.

ಚಿಕ್ಕ ಹಂತಗಳಿಗೆ ವ್ಯಾಯಾಮ ನಿಜವಾಗಿಯೂ ಕೆಲಸ ಮಾಡುತ್ತದೆ. ಹೂಸು ತಡೆಯುವಾಗ ಬಿಗಿ ಮಾಡುತ್ತೇವಲ್ಲ, ಅದೇ ಸ್ನಾಯು. ಹೊಟ್ಟೆ, ತೊಡೆ ಬಿಗಿ ಮಾಡದೆ ಅದನ್ನಷ್ಟೇ ಮೇಲಕ್ಕೆಳೆದು ಹಿಡಿಯಬೇಕು. ಶುರುವಿನಲ್ಲಿ ಮೂರು ನಾಲ್ಕು ಎಣಿಸುವಷ್ಟು, ಬರಬರುತ್ತಾ ಹತ್ತು ಎಣಿಸುವಷ್ಟು ಹಿಡಿದು, ಅಷ್ಟೇ ಹೊತ್ತು ಬಿಡಬೇಕು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಫಲ ಕಾಣಲು ಮೂರು ನಾಲ್ಕು ತಿಂಗಳು ಬೇಕು. ಸಾಧ್ಯವಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಒಂದೆರಡು ಸಲ ಕಲಿಯಿರಿ, ಏಕೆಂದರೆ ಎಷ್ಟೋ ಜನ ಮೇಲಕ್ಕೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿರುತ್ತಾರೆ.

ಇನ್ನೊಂದು ದಾರಿ ರಿಂಗ್, ಅಂದರೆ ಪೆಸರಿ. ಸಿಲಿಕೋನ್‌ನ ಮೆತ್ತನೆಯ ಬಳೆಯಂಥ ವಸ್ತು. ಅದನ್ನು ಮಡಚಿ, ಜೆಲ್ ಹಚ್ಚಿ ಒಳಗೆ ಹಾಕಿದರೆ ತಾನಾಗಿ ಬಿಚ್ಚಿಕೊಂಡು ಮೇಲಿನ ಭಾಗವನ್ನು ತಡೆದು ನಿಲ್ಲಿಸುತ್ತದೆ. ಸೈಜು ಸರಿಯಾಗಿದ್ದರೆ ಒಳಗೆ ಇದೆ ಅಂತಲೇ ಗೊತ್ತಾಗಬಾರದು. ಹಾಕಿದ ಮೇಲೆ ಅಲ್ಲೇ ಸ್ವಲ್ಪ ಓಡಾಡಿ, ಕುಕ್ಕರಗಾಲಲ್ಲಿ ಕೂತು, ಮೂತ್ರ ಮಾಡಿ ನೋಡಿ ಆಮೇಲೆ ಮನೆಗೆ ಹೊರಡಿ. ಮೂರರಿಂದ ಆರು ತಿಂಗಳಿಗೊಮ್ಮೆ ತೆಗೆಸಿ ತೊಳೆಸಬೇಕು. ಹಾಕಿ ಮರೆತುಬಿಟ್ಟರೆ ಒಳಗೆ ಹುಣ್ಣಾಗುತ್ತದೆ. ಇನ್ನೂ ಮಕ್ಕಳು ಬೇಕು ಅನ್ನುವವರಿಗೆ, ಹೃದಯದ ತೊಂದರೆ ಇರುವ ಅಜ್ಜಿಯರಿಗೆ ಇದು ತುಂಬಾ ಒಳ್ಳೆಯ ಆಯ್ಕೆ. ನಮ್ಮಲ್ಲಿ ಇದನ್ನು ಹೇಳುವುದೇ ಕಡಿಮೆ, ಆದ್ದರಿಂದ ನೀವೇ ಕೇಳಿ.

ಗರ್ಭಕೋಶ ತೆಗೆದರೆ ಎಲ್ಲ ಸರಿಹೋಗುತ್ತಾ?

ಇಲ್ಲ. ಗರ್ಭಕೋಶ ಇಳಿದಿರುವುದು ಅದನ್ನು ಹಿಡಿದಿದ್ದ ಕಟ್ಟುಗಳು ಸಡಿಲ ಆಗಿರುವುದರಿಂದ. ಗರ್ಭಕೋಶ ತೆಗೆದು ಕಟ್ಟುಗಳನ್ನು ಹಾಗೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಯೋನಿಯ ಮೇಲ್ತುದಿ ಇಳಿಯಬಹುದು. ಎರಡನೇ ರಿಪೇರಿ ಮೊದಲನೆಯದಕ್ಕಿಂತ ಕಷ್ಟ. ಆದ್ದರಿಂದ "ಗರ್ಭಕೋಶ ತೆಗೆದ ಮೇಲೆ ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ?" ಅಂತ ನೇರವಾಗಿ ಕೇಳಿ. ಸೊಂಟದೊಳಗಿನ ಗಟ್ಟಿ ಬಂಧಕ್ಕೆ ಹೊಲಿಗೆ ಹಾಕಿ ನಿಲ್ಲಿಸುವ ವಿಧಾನಗಳಿವೆ. ಗರ್ಭಕೋಶ ಉಳಿಸಿಕೊಂಡೇ ಎತ್ತಿ ಕಟ್ಟುವ ವಿಧಾನಗಳೂ ಇವೆ. ಚಿಕ್ಕ ವಯಸ್ಸಿನವರಿಗಾಗಿ ಮುಂಬೈನಲ್ಲಿ ರೂಪುಗೊಂಡ, ಡಾ. ಪುರಂದರೆ ಅವರ ಹೆಸರಿನ ಆಪರೇಷನ್ ಅಂಥದ್ದು. ಅದರಲ್ಲಿ ಮೂಲತಃ ಬಳಸಿದ್ದು ರೋಗಿಯದೇ ಹೊಟ್ಟೆಯ ಸ್ನಾಯುವಿನ ಮೇಲಿನ ಗಟ್ಟಿ ಪೊರೆಯ ಪಟ್ಟಿ. ಮೈಯ ಪೊರೆಯನ್ನೇ ಆಧಾರವಾಗಿ ಬಳಸುವುದು ನಮ್ಮ ದೇಶದ ಡಾಕ್ಟರಿಗೆ ಹೊಸದೇನಲ್ಲ.

ವಯಸ್ಸಾದವರು, ಇನ್ನು ದಾಂಪತ್ಯ ಸಂಬಂಧ ಬೇಡ ಅನ್ನುವವರು ಇದ್ದರೆ ಯೋನಿಯ ದಾರಿಯನ್ನೇ ಹೊಲಿದು ಮುಚ್ಚುವ ಚಿಕ್ಕ ಆಪರೇಷನ್ ಒಂದಿದೆ. ಬೇಗ ಮುಗಿಯುತ್ತದೆ, ಮತ್ತೆ ಜಾರುವುದು ಬಹಳ ಕಡಿಮೆ, ಮೆಶ್ ಬೇಡ. ಆದರೆ ಒಮ್ಮೆ ಮುಚ್ಚಿದರೆ ಮುಚ್ಚಿದಂತೆಯೇ. ಆ ನಿರ್ಧಾರ ಆ ಹೆಂಗಸಿನದೇ ಆಗಿರಬೇಕು, ಮಕ್ಕಳದ್ದಲ್ಲ.

ಜೈವಿಕ ಮೆಶ್ ಅಂದರೆ ಏನು, ಎಲ್ಲಿಂದ ಬರುತ್ತದೆ?

ಪ್ಲಾಸ್ಟಿಕ್ ಮೆಶ್ ಅಂದರೆ ಪಾಲಿಪ್ರೊಪಿಲೀನ್ ದಾರದ ಬಲೆ. ಅದು ಕರಗುವುದಿಲ್ಲ, ಜೀವನಪೂರ್ತಿ ಒಳಗೇ ಇರುತ್ತದೆ. ಜೈವಿಕ ಮೆಶ್ ಅನ್ನುವುದು, ಅಂದರೆ ಜೈವಿಕ ಗ್ರಾಫ್ಟ್, ಬಲೆಯಲ್ಲ, ತೆಳುವಾದ ಹಾಳೆ. ಅದರಲ್ಲಿ ಮೂರು ಬಗೆ. ಒಂದು, ನಿಮ್ಮದೇ ತೊಡೆಯ ಅಥವಾ ಹೊಟ್ಟೆಯ ಸ್ನಾಯು ಪೊರೆ. ಎರಡು, ಸತ್ತ ಮೇಲೆ ದಾನ ಮಾಡಿದವರ ಪೊರೆ ಅಥವಾ ಚರ್ಮ. ಮೂರು, ಪ್ರಾಣಿಯದ್ದು: ಹಂದಿಯ ಚರ್ಮ, ಹಂದಿಯ ಸಣ್ಣಕರುಳಿನ ಒಳಪದರ, ದನದ ಚರ್ಮ ಅಥವಾ ದನದ ಹೃದಯದ ಹೊರಪೊರೆ.

ಹೌದು, ಹಂದಿ ಮತ್ತು ದನ. ಎಷ್ಟೋ ಕುಟುಂಬಗಳಿಗೆ ಇದು ಆಪರೇಷನ್ ಆದ ಮೇಲೆ ಬಿಲ್ ನೋಡುವಾಗ ಗೊತ್ತಾದರೆ ಬಹಳ ನೋವಾಗುತ್ತದೆ. ಹಿಂದೂಗಳಿಗೆ ಒಂದು, ಮುಸ್ಲಿಮರಿಗೆ ಇನ್ನೊಂದು, ಜೈನರಿಗೆ, ಲಿಂಗಾಯತರಿಗೆ ಎರಡೂ ಮನಸ್ಸಿಗೆ ಒಗ್ಗದೆ ಹೋಗಬಹುದು. ಒಪ್ಪುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆದರೆ ಯಾವ ಪ್ರಾಣಿಯದ್ದು ಅಂತ ಆಪರೇಷನ್‌ಗೆ ಮೊದಲೇ ನಿಮ್ಮ ಭಾಷೆಯಲ್ಲಿ ಹೇಳುವುದು ಡಾಕ್ಟರ ಕರ್ತವ್ಯ. ಕೇಳಲು ಹಿಂಜರಿಯಬೇಡಿ. ಧರ್ಮದ ಪ್ರಶ್ನೆ ಕೇಳಿದರೆ ಹಳೇ ಕಾಲದವರು ಅಂದುಕೊಳ್ಳುತ್ತಾರೇನೋ ಅಂತ ನಾಚಿಕೊಳ್ಳುವುದು ಬೇಡ.

ಈ ಹಾಳೆಯನ್ನು ತಯಾರಿಸುವಾಗ ಅದರಲ್ಲಿರುವ ಪ್ರಾಣಿಯ ಜೀವಕೋಶಗಳನ್ನೆಲ್ಲ ತೊಳೆದು ತೆಗೆಯುತ್ತಾರೆ. ಕೊಲಾಜನ್ ಎಂಬ ಪ್ರೋಟೀನ್ ನಾರಿನ ಚೌಕಟ್ಟು ಮಾತ್ರ ಉಳಿಯುತ್ತದೆ. ಮಲ್ಲಿಗೆ ಬಳ್ಳಿಗೆ ಹಾಕಿದ ಹಂದರದ ಹಾಗೆ ಅದು. ನಮ್ಮ ಮೈಯ ಕೋಶಗಳು, ಸಣ್ಣ ರಕ್ತನಾಳಗಳು ಅದರೊಳಗೆ ಹಬ್ಬುತ್ತವೆ, ಹೊಸ ಕೊಲಾಜನ್ ಕಟ್ಟುತ್ತವೆ, ಹಳೆಯದು ತಿಂಗಳುಗಟ್ಟಲೆ ಸಮಯದಲ್ಲಿ ನಿಧಾನವಾಗಿ ಕರಗುತ್ತದೆ. ಕರಗುವ ಈ ಗುಣವೇ ಅದರ ಬಲ. ಪ್ಲಾಸ್ಟಿಕ್ ಬಲೆಯಂತೆ ವರ್ಷಗಳ ನಂತರ ಯೋನಿಯ ಗೋಡೆ ಕೊರೆದು ಹೊರಗೆ ಬರುವುದು ತೀರಾ ಕಡಿಮೆ. ಅದೇ ಅದರ ದೌರ್ಬಲ್ಯ ಕೂಡ. ನಿಮ್ಮ ಮೈ ಹೊಸ ಪೊರೆಯನ್ನು ಗಟ್ಟಿಯಾಗಿ ಕಟ್ಟುವ ಮೊದಲೇ ಅದು ಕರಗಿಹೋದರೆ ಆಧಾರ ಹೋಯಿತು. ಬೇಗ ಕರಗಬಾರದೆಂದು ಕೆಲವನ್ನು ರಾಸಾಯನಿಕದಿಂದ ಬಿಗಿ ಮಾಡುತ್ತಾರೆ. ಅಂಥವನ್ನು ಮೈ ತನ್ನದಾಗಿ ಮಾಡಿಕೊಳ್ಳದೆ ಸುತ್ತ ಗೋಡೆ ಕಟ್ಟಿ ಬೇರೆ ಇಡುವ ಸಾಧ್ಯತೆ ಜಾಸ್ತಿ.

ಪುರಾವೆ ಏನು ಹೇಳುತ್ತದೆ?

ಯೋನಿಯ ಮೂಲಕ ಹಾಕುವ ಮೆಶ್‌ನಿಂದ ನೋವು, ಸೋಂಕು, ಬಲೆ ಹೊರಬರುವುದು ಮೊದಲಾದ ದೂರುಗಳು ಹೆಚ್ಚಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2008ರಲ್ಲಿ, ಮತ್ತೆ 2011ರಲ್ಲಿ ಎಚ್ಚರಿಕೆ ಕೊಟ್ಟಿತು. 2016ರಲ್ಲಿ ಇವನ್ನು ಅತಿ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿತು. 2019ರ ಏಪ್ರಿಲ್‌ನಲ್ಲಿ ಉಳಿದಿದ್ದ ಮೆಶ್‌ಗಳ ಮಾರಾಟವನ್ನೇ ನಿಲ್ಲಿಸಲು ಆದೇಶಿಸಿತು. ಇಲ್ಲಿ ಒಂದು ವಿಷಯ ಯಾರೂ ಹೇಳುವುದಿಲ್ಲ: ಆಗ ನಿಂತ ಮೂರರಲ್ಲಿ ಝೆನ್‌ಫಾರ್ಮ್ ಅನ್ನುವುದು ಪ್ಲಾಸ್ಟಿಕ್ ಅಲ್ಲ, ದನದ ಚರ್ಮದಿಂದ ಮಾಡಿದ ಜೈವಿಕ ಹಾಳೆ. ಮೆಶ್ ಇಲ್ಲದೆ ಅಲ್ಲಿರುವ ಸ್ವಂತ ಪೊರೆಯನ್ನೇ ಹೊಲಿದು ಮಾಡುವ ರಿಪೇರಿಗಿಂತ ಇವು ಮೇಲು ಅಂತ ತೋರಿಸಲು ಕಂಪನಿಗಳ ಹತ್ತಿರ ಸಾಕಷ್ಟು ಪುರಾವೆ ಇರಲಿಲ್ಲ ಎಂಬುದೇ ಕಾರಣ.

ಬ್ರಿಟನ್‌ನಲ್ಲಿ 35 ಆಸ್ಪತ್ರೆಗಳು ಸೇರಿ ಪ್ರಾಸ್ಪೆಕ್ಟ್ ಎಂಬ ದೊಡ್ಡ ಅಧ್ಯಯನ ಮಾಡಿದವು. ಅದರ ಒಂದು ಭಾಗದಲ್ಲಿ 367 ಹೆಂಗಸರಿಗೆ ಬರೀ ಸ್ವಂತ ಪೊರೆಯ ಹೊಲಿಗೆ, 368 ಮಂದಿಗೆ ಅದರ ಜೊತೆ ಜೈವಿಕ ಗ್ರಾಫ್ಟ್ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. ಎರಡು ವರ್ಷ ನೋಡಿದರು. ಲಕ್ಷಣಗಳಲ್ಲಾಗಲಿ ದಿನನಿತ್ಯದ ಬದುಕಿನಲ್ಲಾಗಲಿ ಗ್ರಾಫ್ಟ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಪ್ಲಾಸ್ಟಿಕ್ ಮೆಶ್‌ನಿಂದಲೂ ಲಾಭ ಇರಲಿಲ್ಲ. ಮೇಲಾಗಿ ಅದನ್ನು ಹಾಕಿಸಿಕೊಂಡ ನೂರರಲ್ಲಿ ಸುಮಾರು 12 ಮಂದಿಗೆ ಎರಡು ವರ್ಷದೊಳಗೆ ಮೆಶ್‌ಗೆ ಸಂಬಂಧಿಸಿದ ತೊಂದರೆ ಆಯಿತು.

ಹಿಂಗೋಡೆಗಂತೂ ಗ್ರಾಫ್ಟ್ ಹಾಕಿಸಬೇಡಿ ಅನ್ನುವಷ್ಟು ಸ್ಪಷ್ಟವಾಗಿದೆ. 2006ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಹಂದಿ ಕರುಳಿನ ಪದರ ಹಾಕಿದವರಲ್ಲಿ ನೂರಕ್ಕೆ 46 ಮಂದಿಗೆ ರಿಪೇರಿ ನಿಲ್ಲಲಿಲ್ಲ. ಮಾಮೂಲಿ ಹೊಲಿಗೆಯವರಲ್ಲಿ ಅದು 14 ಮಾತ್ರ. ಮುಂಗೋಡೆಗೆ ಕೆಲವು ಅಧ್ಯಯನಗಳಲ್ಲಿ ಸ್ವಲ್ಪ ಲಾಭ ಕಂಡಿದೆ, ಕೆಲವದರಲ್ಲಿ ಇಲ್ಲ. ಹೊಟ್ಟೆಯ ಮೂಲಕ ಯೋನಿಯ ಮೇಲ್ತುದಿಯನ್ನು ಸೊಂಟದ ಹಿಂಬದಿಯ ಮೂಳೆಗೆ ಎತ್ತಿ ಕಟ್ಟುವ ಆಪರೇಷನ್‌ನಲ್ಲಿ ಪ್ಲಾಸ್ಟಿಕ್ ಮೆಶ್‌ಗೇ ಇನ್ನೂ ಮೊದಲ ಸ್ಥಾನ. ಅಲ್ಲಿ ಒಂದು ವರ್ಷದ ನಂತರ ಮೆಶ್ ಹಾಕಿದವರಲ್ಲಿ ನೂರಕ್ಕೆ 91 ಮಂದಿಗೆ ಸರಿಯಾಗಿ ನಿಂತಿದ್ದರೆ, ದಾನಿಯ ತೊಡೆ ಪೊರೆ ಹಾಕಿದವರಲ್ಲಿ 68 ಮಂದಿಗೆ ಅಂತ 2005ರ ಅಧ್ಯಯನ ತೋರಿಸಿತು. ಯೋನಿಯ ಮೂಲಕ ಹಾಕುವ ಮೆಶ್ ಬೇರೆ, ಹೊಟ್ಟೆಯ ಮೂಲಕ ಹಾಕುವುದು ಬೇರೆ. ಎಫ್‌ಡಿಎ ಆದೇಶ ಮೊದಲನೆಯದಕ್ಕೆ ಮಾತ್ರ.

ಹಾಗಾದರೆ ಜೈವಿಕ ಗ್ರಾಫ್ಟ್ ಯಾರಿಗೆ? ಒಮ್ಮೆ ರಿಪೇರಿ ಆಗಿ ಮತ್ತೆ ಮುಂಗೋಡೆ ಇಳಿದವರಿಗೆ, ಸ್ವಂತ ಪೊರೆ ತೀರಾ ತೆಳುವಾಗಿ ಹೊಲಿಗೆ ನಿಲ್ಲದವರಿಗೆ, ಪ್ಲಾಸ್ಟಿಕ್ ಖಂಡಿತ ಬೇಡ ಅನ್ನುವವರಿಗೆ, ಹಳೆಯ ಮೆಶ್ ತೊಂದರೆ ಕೊಟ್ಟು ತೆಗೆಸಿದವರಿಗೆ. ಇಂಥ ಕಡೆ ಅನುಭವಿ ಡಾಕ್ಟರ್ ಸಲಹೆ ಕೊಟ್ಟರೆ ಯೋಚಿಸಬಹುದು. ಅಂಥ ಸಂದರ್ಭದಲ್ಲಿ ನಿಮ್ಮದೇ ತೊಡೆಯ ಪೊರೆ ಆಗುತ್ತದಾ ಅಂತಲೂ ಕೇಳಿ. ತೊಡೆಯಲ್ಲಿ ಇನ್ನೊಂದು ಗಾಯ ಆಗುತ್ತದೆ, ಕೆಲವು ವಾರ ನೋವಿರುತ್ತದೆ. ಆದರೆ ಅದು ನಿಮ್ಮದೇ ಮೈಯದು, ಖರ್ಚೂ ಕಡಿಮೆ.

ಸಹಿ ಹಾಕುವ ಮುನ್ನ ಕೇಳಬೇಕಾದ್ದು

ಮೆಶ್ ಇಲ್ಲದೆ ಮಾಡಿದರೆ ನನಗೆ ಏನು ನಷ್ಟ? ಇದೇ ಮೊದಲ ಪ್ರಶ್ನೆ ಆಗಿರಲಿ. ಉತ್ತರದಲ್ಲಿ ನಿಮ್ಮ ಹಂತ, ನಿಮ್ಮ ಹಳೆಯ ಆಪರೇಷನ್ ಅಂತ ನಿಮಗೆ ಸಂಬಂಧಪಟ್ಟ ಕಾರಣ ಬರಬೇಕು. "ಎಲ್ಲರಿಗೂ ಹಾಕ್ತೀವಿ" ಅಂದರೆ ಅದು ಕಾರಣ ಅಲ್ಲ.

ಆಮೇಲೆ ಹಾಳೆಯ ಹೆಸರು, ಯಾವ ಪ್ರಾಣಿ, ಬೆಲೆ. ಈ ಡಾಕ್ಟರು ಇಂಥ ಆಪರೇಷನ್ ಎಷ್ಟು ಸಲ ಮಾಡಿದ್ದಾರೆ. ತೊಂದರೆ ಬಂದರೆ ಯಾರು ನೋಡುತ್ತಾರೆ. ಇನ್ನೊಂದು ಪ್ರಶ್ನೆ ಮರೆಯಬೇಡಿ: ಆಪರೇಷನ್ ಆದ ಮೇಲೆ ಕೆಮ್ಮಿದಾಗ ಮೂತ್ರ ಸೋರುತ್ತದಾ? ಮೂತ್ರಕೋಶ ಇಳಿದಾಗ ಮೂತ್ರನಾಳ ಮಡಚಿಕೊಂಡು ಸೋರಿಕೆ ಮುಚ್ಚಿಹೋಗಿರುತ್ತದೆ. ಅದನ್ನು ಎತ್ತಿ ಕಟ್ಟಿದ ಮೇಲೆ ಸೋರಿಕೆ ಹೊಸದಾಗಿ ಶುರುವಾಗಬಹುದು. ಇಳಿದ ಭಾಗವನ್ನು ಒಳಗೆ ಹಿಡಿದು ಕೆಮ್ಮಿಸಿ ನೋಡಿದರೆ ಮೊದಲೇ ಅಂದಾಜು ಸಿಗುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಗ್ರಾಫ್ಟ್‌ನ ಬೆಲೆ ನಿಮ್ಮ ಪ್ಯಾಕೇಜ್‌ನಲ್ಲಿ ಸೇರಿದೆಯಾ, ಹೊರಗಿಂದ ತರಿಸಬೇಕಾ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ತಯಾರಿ

ರಕ್ತ ಕಡಿಮೆ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದೆ ಈ ಆಪರೇಷನ್ ಬೇಡ, ಗಾಯ ಕೂಡುವುದಿಲ್ಲ. ಹಳೇ ಕೆಮ್ಮು, ಮಲಬದ್ಧತೆ ಇದ್ದರೆ ಅವಕ್ಕೂ ಮೊದಲು ಚಿಕಿತ್ಸೆ. ಇಲ್ಲದಿದ್ದರೆ ಹೊಸ ಹೊಲಿಗೆಯ ಮೇಲೆ ದಿನವೂ ಒತ್ತಡ ಬೀಳುತ್ತದೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಕೆಲವು ವಾರ ಮೊದಲೇ ಬಿಡಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ತಾವಾಗಿ ನಿಲ್ಲಿಸಬೇಡಿ. ಮುಟ್ಟು ನಿಂತ ಮೇಲೆ ಯಾವಾಗಲಾದರೂ ರಕ್ತ ಕಂಡಿದ್ದರೆ ಗರ್ಭಕೋಶದ ಒಳಪದರ ಪರೀಕ್ಷೆ ಮಾಡದೆ ಮುಂದೆ ಹೋಗಬಾರದು.

ಹೊರಬಂದ ಭಾಗದಲ್ಲಿ ಹುಣ್ಣಿದ್ದರೆ ಅದು ಮೊದಲು ಮಾಯಬೇಕು. ಗ್ಲಿಸರಿನ್–ಆಕ್ರಿಫ್ಲೇವಿನ್ ಔಷಧಿಯಲ್ಲಿ ಅದ್ದಿದ ಬಟ್ಟೆಯನ್ನು ಒಳಗಿಟ್ಟು ದಿನವೂ ಬದಲಿಸುತ್ತಾರೆ, ಈಸ್ಟ್ರೋಜನ್ ಕ್ರೀಮ್ ಹಚ್ಚುತ್ತಾರೆ. ಸೀರೆಗೆ ಕೇಸರಿ ಹಳದಿ ಕಲೆ ಆಗುತ್ತದೆ, ಗಾಬರಿ ಬೇಡ.

ಥಿಯೇಟರ್ ಒಳಗೆ

ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಯೋನಿಯ ಮುಂಗೋಡೆಯನ್ನು ಉದ್ದಕ್ಕೆ ಸೀಳಿ, ಮೂತ್ರಕೋಶವನ್ನು ನಿಧಾನವಾಗಿ ಬಿಡಿಸಿ, ಅದರ ಕೆಳಗಿನ ಸಡಿಲ ಪೊರೆಯನ್ನು ಕರಗುವ ದಾರದಲ್ಲಿ ಮಡಚಿ ಹೊಲಿಯುತ್ತಾರೆ. ಮಾಮೂಲಿ ರಿಪೇರಿ ಇಲ್ಲಿಗೆ ಮುಗಿಯುತ್ತದೆ. ಗ್ರಾಫ್ಟ್ ಇದ್ದರೆ ಇಲ್ಲಿಂದ ಅದರ ಕೆಲಸ. ಒಣಗಿಸಿ ಪ್ಯಾಕ್ ಮಾಡಿದ ಹಾಳೆ ಗಟ್ಟಿ ಕಾಗದದ ಹಾಗೆ ಇರುತ್ತದೆ. ಅದನ್ನು ಸಲೈನ್‌ನಲ್ಲಿ ಕೆಲವು ನಿಮಿಷ ನೆನೆಸಿದರೆ ಮೆತ್ತಗಾಗಿ ಬಾಗುತ್ತದೆ. ಬೇಕಾದ ಅಳತೆಗೆ ಕತ್ತರಿಸಿ, ಮೂತ್ರಕೋಶದ ಕೆಳಗೆ ಸುಕ್ಕಿಲ್ಲದಂತೆ ಹಾಸಿ, ಮೂಲೆಗಳನ್ನು ಅಕ್ಕಪಕ್ಕದ ಗಟ್ಟಿ ಪೊರೆಗೋ ಬಂಧಕ್ಕೋ ಹೊಲಿಯುತ್ತಾರೆ. ಬಿಗಿಯಾಗಿ ಎಳೆದು ಕಟ್ಟಬಾರದು. ಮೇಲೆ ಯೋನಿಯ ಚರ್ಮ ಮುಚ್ಚುತ್ತಾರೆ. ಕೊನೆಗೆ ಮೂತ್ರಕೋಶದೊಳಗೆ ಸಣ್ಣ ದುರ್ಬೀನು ಹಾಕಿ, ಎರಡೂ ಕಿಡ್ನಿಯ ನಾಳಗಳಿಂದ ಮೂತ್ರ ಚಿಮ್ಮುತ್ತಿದೆಯಾ ನೋಡುವುದು ಒಳ್ಳೆಯ ಪದ್ಧತಿ.

ಎಚ್ಚರವಾದಾಗ ಯೋನಿಯೊಳಗೆ ಬಟ್ಟೆಯ ಪ್ಯಾಕ್, ಮೂತ್ರಕ್ಕೆ ಕ್ಯಾತಿಟರ್ ನಳಿಕೆ ಇರುತ್ತದೆ. ಪ್ಯಾಕ್ ಸಾಮಾನ್ಯವಾಗಿ ಮಾರನೇ ದಿನ ತೆಗೆಯುತ್ತಾರೆ. ಕ್ಯಾತಿಟರ್ ತೆಗೆದ ಮೇಲೆ ನೀವು ಮೂತ್ರ ಮಾಡಿ ಬರಬೇಕು, ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್‌ನಲ್ಲೋ ಸಣ್ಣ ನಳಿಕೆಯಲ್ಲೋ ಅಳೆಯಬೇಕು. ಇದನ್ನು ಅಳೆಯದೆ ಮನೆಗೆ ಹೊರಡಬೇಡಿ. ಕೆಲವರಿಗೆ ಕೆಲವು ದಿನ ಮತ್ತೆ ಕ್ಯಾತಿಟರ್ ಬೇಕಾಗುತ್ತದೆ, ಅದು ತಾತ್ಕಾಲಿಕ.

ಮನೆಯಲ್ಲಿ ಆರು ವಾರ

ಗಾಯ ಹೊರಗೆ ಕಾಣುವುದಿಲ್ಲ. ಅದಕ್ಕೇ ಮನೆಯವರಿಗೆ ಎಲ್ಲ ಸರಿಹೋಗಿದೆ ಅನ್ನಿಸಿ ಹತ್ತನೇ ದಿನಕ್ಕೆ ಅಡುಗೆಮನೆ ಒಪ್ಪಿಸಿಬಿಡುತ್ತಾರೆ. ನೀರಿನ ಕೊಡ, ರುಬ್ಬುವ ಕಲ್ಲು, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್, ಮೊಮ್ಮಗು, ಹುಲ್ಲಿನ ಹೊರೆ: ಆರು ವಾರ ಇವು ಯಾವುದೂ ಬೇಡ. ಐದು ಕೆಜಿಗಿಂತ ಜಾಸ್ತಿ ಎತ್ತಬೇಡಿ. ಗದ್ದೆ ಕೆಲಸಕ್ಕೆ ಹೋಗುವವರು ಡಾಕ್ಟರ ಹತ್ತಿರ ಮಾತಾಡಿ, ಸುಗ್ಗಿ ಮುಗಿದ ಮೇಲಿನ ತಿಂಗಳನ್ನು ಆಪರೇಷನ್‌ಗೆ ಆರಿಸಿಕೊಳ್ಳಿ. ಹಾಸಿಗೆ ಹಿಡಿಯುವುದೂ ತಪ್ಪು. ದಿನವೂ ಸ್ವಲ್ಪ ಸ್ವಲ್ಪ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ.

ಮಲ ಗಟ್ಟಿಯಾಗಲು ಬಿಡಬೇಡಿ. ಬಾಣಂತಿಯರಿಗೆ ಮಾಡುವಂತೆ ನೀರು ಕಡಿಮೆ ಕೊಡುವ ಪದ್ಧತಿ ಇಲ್ಲಿ ಬೇಡವೇ ಬೇಡ. ನೀರು, ಸೊಪ್ಪು, ಪಪ್ಪಾಯ ಚೆನ್ನಾಗಿ ತೆಗೆದುಕೊಳ್ಳಿ. ಬೇಕಾದರೆ ಡಾಕ್ಟರು ಕೊಟ್ಟ ಸಿರಪ್ ರಾತ್ರಿ ಕುಡಿಯಿರಿ. ಕಮೋಡ್ ಇದ್ದರೆ ಅನುಕೂಲ. ಅದರ ಮೇಲೆ ಕೂತಾಗ ಕಾಲಿನ ಕೆಳಗೆ ಸಣ್ಣ ಮಣೆ ಇಟ್ಟುಕೊಂಡರೆ ಮುಕ್ಕುವುದು ತಪ್ಪುತ್ತದೆ.

ನಾಲ್ಕರಿಂದ ಆರು ವಾರ ಬಿಳಿ ಅಥವಾ ಕಂದು ಬಣ್ಣದ ಸ್ರಾವ, ನಡುವೆ ದಾರದ ತುಂಡು ಬರುವುದು ಸಹಜ. ಮೇಲ್ತುದಿಯನ್ನು ಸೊಂಟದೊಳಗೆ ಹಿಂಬದಿಯ ಬಂಧಕ್ಕೆ ಕಟ್ಟಿದ್ದರೆ ಒಂದು ಕಡೆಯ ಕುಂಡೆಯಲ್ಲಿ ನೋವಿರುತ್ತದೆ, ಕೆಲವು ವಾರದಲ್ಲಿ ಇಳಿಯುತ್ತದೆ. ಆರು ವಾರದ ಪರೀಕ್ಷೆ ಆಗುವವರೆಗೆ ದಾಂಪತ್ಯ ಸಂಬಂಧ ಬೇಡ. ಇದನ್ನು ಗಂಡನಿಗೆ ಡಾಕ್ಟರ ಬಾಯಿಂದಲೇ ಹೇಳಿಸಿ.

ಜ್ವರ, ಕೆಟ್ಟ ವಾಸನೆಯ ಸ್ರಾವ, ಒಂದು ಗಂಟೆಯಲ್ಲಿ ಪ್ಯಾಡ್ ತುಂಬುವಷ್ಟು ರಕ್ತ, ಮೂತ್ರ ಆಗದಿರುವುದು, ಯೋನಿಯಿಂದ ನೀರಿನಂತೆ ನಿರಂತರ ಸೋರುವುದು, ಮಾತ್ರೆಗೂ ಬಗ್ಗದ ನೋವು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದು ಮೀನಖಂಡ ಊದಿ ನೋವಾದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಕಾಗದಪತ್ರ

ಪ್ರತಿ ಗ್ರಾಫ್ಟ್ ಪೊಟ್ಟಣದಲ್ಲಿ ಕಂಪನಿ ಹೆಸರು, ಬ್ಯಾಚ್ ನಂಬರ್ ಇರುವ ಸಣ್ಣ ಸ್ಟಿಕರ್‌ಗಳು ಇರುತ್ತವೆ. ಅದರಲ್ಲಿ ಒಂದನ್ನು ಡಿಸ್‌ಚಾರ್ಜ್ ಹಾಳೆಯ ಮೇಲೆ ಅಂಟಿಸಿಕೊಡಲು ಕೇಳಿ. ಎಲ್ಲಿ ಹಾಕಿದ್ದಾರೆ, ಯಾವುದಕ್ಕೆ ಹೊಲಿದಿದ್ದಾರೆ ಎಂಬ ಆಪರೇಷನ್ ಟಿಪ್ಪಣಿಯ ನಕಲೂ ಬೇಕು. ಮೊಬೈಲ್‌ನಲ್ಲಿ ಫೋಟೋ ತೆಗೆದು ಮಗಳಿಗೋ ಮಗನಿಗೋ ಕಳಿಸಿಡಿ. ಹತ್ತು ವರ್ಷದ ನಂತರ ಬೇರೆ ಊರಿನಲ್ಲಿ ಮತ್ತೆ ಏನಾದರೂ ಇಳಿದರೆ, ಅಲ್ಲಿನ ಡಾಕ್ಟರು ಮೊದಲು ಕೇಳುವುದು ಇದನ್ನೇ.